ಮೂರು ರಾತ್ರಿ, ಏಳು ಹಾಡು: ‘ಮೇಡ್ ಇನ್ ಜಪಾನ್’ ಕುರಿತು ಓದುಗರ ಪ್ರಶ್ನೆಗಳು

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಆಲ್ಬಂ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧ ಮೆಚ್ಚುಗೆ, ಅರ್ಧ ಜಗಳ. ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಹೊಸಬರಿಗೆ ಒಂದು ಮಾತು: ಇದು 1972ರ ಲೈವ್ ಆಲ್ಬಂ, ಅಂದರೆ ಕಛೇರಿಯಲ್ಲೇ ರೆಕಾರ್ಡ್ ಮಾಡಿಕೊಂಡದ್ದು. ಇಯಾನ್ ಗಿಲನ್ ಗಾಯಕ, ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ಜಾನ್ ಲಾರ್ಡ್ ಆರ್ಗನ್, ರೋಜರ್ ಗ್ಲೋವರ್ ಬೇಸ್, ಇಯಾನ್ ಪೇಸ್ ಡ್ರಮ್ಸ್. ಎರಡು ಎಲ್‌ಪಿ, ನಾಲ್ಕು ಮುಖ, ಏಳು ಹಾಡು, ಸುಮಾರು 77 ನಿಮಿಷ.

ಲೈವ್ ಎಂದು ಹೆಸರಿಟ್ಟು ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕುವುದು ಮಾಮೂಲು. ಇದೂ ಹಾಗೇ ಇರಬೇಕು, ಇಷ್ಟು ಅಚ್ಚುಕಟ್ಟಾಗಿ ಯಾರು ನುಡಿಸುತ್ತಾರೆ? — ಹುಬ್ಬಳ್ಳಿ

ಇದಕ್ಕೆ ತೇಪೆ ಹಾಕಿಲ್ಲ. ಆದರೆ ಆಯ್ಕೆ ಮಾಡಿದ್ದಾರೆ. ಎರಡರ ನಡುವೆ ವ್ಯತ್ಯಾಸ ಇದೆ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದ ಫೆಸ್ಟಿವಲ್ ಹಾಲ್‌ನಲ್ಲಿ, 17ರಂದು ಟೋಕಿಯೋದ ನಿಪ್ಪಾನ್ ಬುಡೋಕಾನ್‌ನಲ್ಲಿ ಕಛೇರಿ ನಡೆಯಿತು. ಮೂರನ್ನೂ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಪ್ರತಿ ಹಾಡಿಗೂ ಮೂರರಲ್ಲಿ ಒಂದು ರಾತ್ರಿಯದನ್ನು ಇಡಿಯಾಗಿ ಎತ್ತಿಕೊಂಡರು. 16ರ ಒಸಾಕಾ ಕಛೇರಿಯಿಂದ ನಾಲ್ಕು: ‘ಹೈವೇ ಸ್ಟಾರ್’, ‘ಚೈಲ್ಡ್ ಇನ್ ಟೈಮ್’, ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’, ‘ಸ್ಪೇಸ್ ಟ್ರಕಿನ್’. 15ರಿಂದ ಒಂದೇ ಒಂದು, ‘ಸ್ಮೋಕ್ ಆನ್ ದ ವಾಟರ್’. ಟೋಕಿಯೋದಿಂದ ‘ದ ಮ್ಯೂಲ್’ ಮತ್ತು ‘ಲೇಜಿ’.

ರೆಕಾರ್ಡಿಂಗ್ ಆಗಬೇಕೆಂಬ ಆಸೆ ಜಪಾನಿನ ಕಂಪನಿಯದು. ತಂಡಕ್ಕೆ ಅಂಥ ಉತ್ಸಾಹ ಇರಲಿಲ್ಲ. ಹಾಗಾಗಿ ಷರತ್ತು ಹಾಕಿದರು: ಎಂಜಿನಿಯರ್ ನಮ್ಮವನೇ ಬರಬೇಕು, ಟೇಪನ್ನು ನಾವೇ ಕೊಂಡೊಯ್ದು ಮಿಕ್ಸ್ ಮಾಡುತ್ತೇವೆ (ಎಲ್ಲರ ಸದ್ದನ್ನೂ ಹದವಾಗಿ ಬೆರೆಸುತ್ತೇವೆ). ಆ ಎಂಜಿನಿಯರ್ ಮಾರ್ಟಿನ್ ಬರ್ಚ್. ಮುಂದೆ ಐರನ್ ಮೇಡನ್ ತಂಡದ 1981ರಿಂದ 1992ರವರೆಗಿನ ಸ್ಟುಡಿಯೋ ಆಲ್ಬಂಗಳಿಗೆ ನಿರ್ಮಾಪಕನಾದವನು ಅವನೇ. ಟೇಪು ಇದ್ದದ್ದು ಎಂಟು ಟ್ರ್ಯಾಕಿನದು, ಅಂದರೆ ಎಂಟು ಸಾಲುಗಳಲ್ಲಿ ಸದ್ದನ್ನು ಬೇರೆ ಬೇರೆ ಹಿಡಿಯುವಂಥದ್ದು. ಎಂಟೇ ಟ್ರ್ಯಾಕಿನಲ್ಲಿ ಐದು ಜನ, ಜೊತೆಗೆ ಸಭಿಕರ ಚಪ್ಪಾಳೆ. ಮಿಕ್ಸಿಂಗಿಗೆ ಕೂತವರು ಗ್ಲೋವರ್ ಮತ್ತು ಪೇಸ್. ಉಳಿದವರು ತಲೆ ಕೆಡಿಸಿಕೊಳ್ಳಲಿಲ್ಲ.

ತೇಪೆ ಹಾಕುವುದು ಯಾಕೆ ಕಷ್ಟ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ವೇದಿಕೆಯಲ್ಲಿ ಹಾಡುವ ಮೈಕು ಬರೀ ಧ್ವನಿಯನ್ನು ಹಿಡಿಯುವುದಿಲ್ಲ. ಹಿಂದೆ ಬಡಿಯುವ ಡ್ರಮ್ಮು, ಪಕ್ಕದ ಆಂಪ್ಲಿಫೈಯರು ಎಲ್ಲ ಅದರೊಳಗೆ ಸೋರುತ್ತವೆ. ಒಂದು ಸಾಲನ್ನು ಮತ್ತೆ ಹಾಡಿ ಕೂರಿಸಿದರೆ ಆ ಸೋರಿಕೆ ಆ ಸಾಲಿನಲ್ಲಿ ಮಾಯವಾಗಿ, ಸಭಾಂಗಣದ ಗಾಳಿಯೇ ಬದಲಾದಂತೆ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ‘ಚೈಲ್ಡ್ ಇನ್ ಟೈಮ್’ ಕೇಳಿ, ಗಿಲನ್ ಸುಮ್ಮನಾದಾಗಲೂ ಆ ಗಾಳಿ ಹಾಗೇ ನಿಂತಿರುತ್ತದೆ.

ನನ್ನ ಬಳಿ ಇರುವ ಪೂರ್ಣ ಕಛೇರಿಯ ಸಿ.ಡಿ.ಯಲ್ಲಿ ‘ಸ್ಮೋಕ್ ಆನ್ ದ ವಾಟರ್’ ಎರಡನೇ ಹಾಡು, ಆಲ್ಬಂನಲ್ಲಿ ಮೂರನೆಯದು. ಯಾವುದು ಸರಿ? — ಬಳ್ಳಾರಿ

ಕಛೇರಿಯಲ್ಲಿ ಎರಡನೆಯದೇ. ‘ಹೈವೇ ಸ್ಟಾರ್’, ‘ಸ್ಮೋಕ್’, ‘ಚೈಲ್ಡ್ ಇನ್ ಟೈಮ್’, ‘ಮ್ಯೂಲ್’ ಎಂಬುದು ಆ ರಾತ್ರಿಗಳ ಕ್ರಮ. ಎಲ್‌ಪಿಯ ಲೆಕ್ಕ ಹಾಕಿ ನೋಡಿ. ಕಛೇರಿಯ ಕ್ರಮದಲ್ಲೇ ಹಾಕಿದ್ದರೆ ಮೊದಲ ಮುಖ 14 ನಿಮಿಷಕ್ಕೆ ಮುಗಿದು ಎರಡನೆಯದು 21 ನಿಮಿಷ ದಾಟುತ್ತಿತ್ತು. ‘ಸ್ಮೋಕ್’ ಮತ್ತು ‘ಚೈಲ್ಡ್’ ಜಾಗ ಅದಲು ಬದಲು ಮಾಡಿದರೆ ಮೊದಲ ಮುಖ 19, ಎರಡನೆಯದು 17 ನಿಮಿಷ. ಮುಖ ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಧ್ವನಿಯನ್ನು ಕುಗ್ಗಿಸಬೇಕು. ಇಷ್ಟು ಗದ್ದಲದ ಸಂಗೀತಕ್ಕೆ ಅದು ನಷ್ಟ.

ಸೋಲೋ ಬಂದಾಗ ನುಡಿಯುತ್ತಿರುವುದು ಆರ್ಗನ್ನೋ ಗಿಟಾರೋ ಗೊತ್ತಾಗುವುದಿಲ್ಲ. ಕಿವಿಯ ದೋಷವೇ? — ಶಿವಮೊಗ್ಗ

ದೋಷ ನಿಮ್ಮದಲ್ಲ, ಜಾನ್ ಲಾರ್ಡ್ ಬೇಕೆಂದೇ ಮಾಡಿದ್ದು. ಹ್ಯಾಮಂಡ್ ಆರ್ಗನ್ನಿಗೆ ಸಾಮಾನ್ಯವಾಗಿ ಲೆಸ್ಲಿ ಎಂಬ ತಿರುಗುವ ಸ್ಪೀಕರ್ ಇರುತ್ತದೆ. ಚರ್ಚಿನಲ್ಲಿ, ಜಾಝ್‌ನಲ್ಲಿ ಕೇಳುವ ಆ ಅಲೆಯಲೆ ನಾದ ಅದರದು. ಲಾರ್ಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೂ ಜೋಡಿಸಿದ. ಎರಡು ವಾದ್ಯಕ್ಕೂ ಒಂದೇ ಬಗೆಯ ಒರಟು ಗಂಟಲು ಬಂತು.

ಗುರುತಿಸಲು ಮೂರು ಸುಳಿವು. ಒಂದು, ಸ್ವರದಿಂದ ಸ್ವರಕ್ಕೆ ಜಾರಿದರೆ, ನಮ್ಮ ಗಮಕದ ಹಾಗೆ ಎಳೆದರೆ, ಅದು ಗಿಟಾರ್. ಆರ್ಗನ್ನಿನ ಕೀಲಿಯನ್ನು ಎಳೆಯಲಾಗದು. ಎರಡು, ಕೀಲಿ ಒತ್ತಿರುವಷ್ಟು ಹೊತ್ತೂ ಆರ್ಗನ್ನಿನ ಸ್ವರ ಸೊರಗುವುದಿಲ್ಲ. ತಂತಿಯ ಸ್ವರ ಮೀಟಿದ ಕ್ಷಣದಿಂದಲೇ ಸೊರಗಲು ಶುರು. ಮೂರು, ಹ್ಯಾಮಂಡಿನ ಪ್ರತಿ ಸ್ವರದ ತಲೆಯಲ್ಲಿ ಉಗುರು ತಾಗಿದಂಥ ಸಣ್ಣ ‘ಟಿಕ್’ ಇರುತ್ತದೆ. ‘ಹೈವೇ ಸ್ಟಾರ್’ ಇಟ್ಟುಕೊಂಡು ಅಭ್ಯಾಸ ಮಾಡಿ: ಮೊದಲು ಬರುವ ಸೋಲೋ ಆರ್ಗನ್ನಿನದು, ಅದಾದ ಮೇಲಿನದು ಗಿಟಾರಿನದು. ಎರಡೂ ಹಳೆಯ ಯೂರೋಪಿನ ಶಾಸ್ತ್ರೀಯ ಸಂಗೀತದ ಮೆಟ್ಟಿಲು ಹತ್ತಿ ಇಳಿಯುತ್ತವೆ. ಗಿಟಾರ್ ಸೋಲೋ ಕೆಳಗಿನ ಸ್ವರಮೇಳಗಳ ಸಾಲು ಬಾಖ್‌ನ ಧಾಟಿಯದು ಎಂದು ಬ್ಲ್ಯಾಕ್‌ಮೋರನೇ ಹೇಳಿಕೊಂಡಿದ್ದಾನೆ.

ಒಂದು ಎಚ್ಚರಿಕೆ. ಮಿಕ್ಸಿನಲ್ಲಿ ಆರ್ಗನ್ ಒಂದು ಪಕ್ಕ, ಗಿಟಾರ್ ಇನ್ನೊಂದು ಪಕ್ಕಕ್ಕೆ ವಾಲಿವೆ. ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವವರು ಅರ್ಧ ಕಛೇರಿಯನ್ನು ಕಳೆದುಕೊಳ್ಳುತ್ತಾರೆ. ‘ಗಿಟಾರ್ ತೀರಾ ಮೆತ್ತಗಿದೆ’ ಎಂದು ದೂರಿರುವ ಇಬ್ಬರು ಓದುಗರು ಮೊದಲು ಇದನ್ನು ಪರೀಕ್ಷಿಸಿಕೊಳ್ಳಲಿ.

‘ಸ್ಮೋಕ್ ಆನ್ ದ ವಾಟರ್’ ರಿಫ್ (ಮತ್ತೆ ಮತ್ತೆ ಬರುವ ಆ ಗಿಟಾರ್ ಪಲುಕು) ಎಲ್ಲರೂ ಕಲಿಯುವ ಮೊದಲ ಪಾಠ. ಸ್ವರಗಳೆಲ್ಲ ಸರಿ ಇವೆ, ಆದರೂ ನಾನು ನುಡಿಸಿದರೆ ಆಲ್ಬಂನಂತೆ ಕೇಳುವುದಿಲ್ಲ, ದಪ್ಪಗೆ ಕೆಸರಾಗುತ್ತದೆ. — ಮಂಗಳೂರು

ಇದು ಈ ಸಲದ ಅತ್ಯುತ್ತಮ ಪ್ರಶ್ನೆ, ಉತ್ತರವೂ ಉದ್ದ.

ನೀವು ದಪ್ಪ ತಂತಿಗಳ ಮೇಲೆ, ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದು, ಪವರ್ ಕಾರ್ಡ್ (ಎರಡು ಸ್ವರಗಳ ಜೋಡಿ) ಹಾಕಿ ನುಡಿಸುತ್ತಿದ್ದೀರಿ. ಹತ್ತರಲ್ಲಿ ಒಂಬತ್ತು ಜನ ಮಾಡುವುದು ಅದನ್ನೇ. ಬ್ಲ್ಯಾಕ್‌ಮೋರ್ ನುಡಿಸುವುದು ನಾಲ್ಕನೇ ಮತ್ತು ಮೂರನೇ ತಂತಿಗಳ ಮೇಲೆ, ಅಂದರೆ ಡಿ ಮತ್ತು ಜಿ ತಂತಿಗಳಲ್ಲಿ, ಎರಡನ್ನೂ ಒಟ್ಟಿಗೆ. ಫ್ರೆಟ್‌ಗಳ, ಅಂದರೆ ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲುಗಳ, ಲೆಕ್ಕ ಹೀಗೆ. ಮೊದಲ ತುಣುಕು: ತೆರೆದ ತಂತಿ, 3, 5. ಎರಡನೆಯದು: ತೆರೆದ ತಂತಿ, 3, 6, 5. ಮೂರನೆಯದು: ತೆರೆದ ತಂತಿ, 3, 5, ಆಮೇಲೆ ಹಿಂದಿರುಗಿ 3, ತೆರೆದ ತಂತಿ. ಎರಡು ತಂತಿಗೂ ಒಂದೇ ಫ್ರೆಟ್, ಆದ್ದರಿಂದ ಒಂದೇ ಬೆರಳನ್ನು ಅಡ್ಡ ಮಲಗಿಸಿದರೆ ಸಾಕು.

ಪವರ್ ಕಾರ್ಡ್‌ನಲ್ಲಿ ಸ-ಪ ಜೋಡಿ ಇರುತ್ತದೆ, ಸ ಕೆಳಗೆ. ಇಲ್ಲಿ ಪ ಕೆಳಗೆ, ಸ ಮೇಲೆ. ತೆರೆದ ಜಿ ತಂತಿ 196 ಹರ್ಟ್ಸ್, ಡಿ ತಂತಿ 147 ಹರ್ಟ್ಸ್, ವ್ಯತ್ಯಾಸ 49. ಆಂಪ್ಲಿಫೈಯರನ್ನು ಕರಕರ ಎನ್ನುವಷ್ಟು ಏರಿಸಿದಾಗ ಈ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳಿಸತೊಡಗುತ್ತದೆ, ಮತ್ತು 49 ಹರ್ಟ್ಸ್ ಅಂದರೆ ಅದೇ ಜಿ, ಎರಡು ಸ್ಥಾಯಿ ಕೆಳಗೆ. ಮೀಟಿದ್ದು ಎರಡು ತೆಳು ತಂತಿ, ಕೇಳಿಸಿದ್ದು ಮೂರು ಸ್ವರ. ತೆಳುವಾಗಿದ್ದೂ ಭಾರವಾಗಿರುವ ಗುಟ್ಟು ಇದು. ದಪ್ಪ ತಂತಿಗಳಿಗೆ ಇಳಿದರೆ ಆ ತೆಳುವೇ ಹೋಗುತ್ತದೆ, ಜೊತೆಗೆ ಬೇಸ್ ಗಿಟಾರಿನ ಜಾಗವನ್ನೂ ನೀವೇ ತುಳಿದಂತಾಗುತ್ತದೆ.

ಇನ್ನು ಬಲಗೈ. ಪಿಕ್ ಬೇಡ. ಹೆಬ್ಬೆರಳು ನಾಲ್ಕನೇ ತಂತಿಗೆ, ತೋರುಬೆರಳು ಮೂರನೆಯದಕ್ಕೆ, ಚಿವುಟಿದ ಹಾಗೆ ಎರಡನ್ನೂ ಏಕಕಾಲಕ್ಕೆ ಎತ್ತಿ ಬಿಡಿ. ಪಿಕ್ ಹಿಡಿದಾಗ ಅದು ಒಂದು ತಂತಿಯನ್ನು ದಾಟಿ ಇನ್ನೊಂದಕ್ಕೆ ಹೋಗಬೇಕು. ಕಣ್ಣಿಗೆ ಕಾಣದ ಆ ಅಂತರ ಕಿವಿಗೆ ‘ಝ್ರಂಗ್’ ಎಂದು ಕೇಳುತ್ತದೆ. ಚಿವುಟಿದರೆ ‘ಟಂ’.

ಮೂರನೆಯದು ಮೌನ. ಪ್ರತಿ ಸ್ವರವೂ ಎಲ್ಲಿ ನಿಲ್ಲಬೇಕೋ ಅಲ್ಲಿ ಕಡಿದು ನಿಲ್ಲಬೇಕು. ಎಡಗೈ ಬೆರಳನ್ನು ಸಡಿಲಿಸಿ, ತಂತಿಯಿಂದ ಎತ್ತದೆ, ಸದ್ದು ಅಡಗಿಸಿ. ತೆರೆದ ತಂತಿಗಳಿಗೆ ಬಲಗೈಯ ಅಂಚನ್ನು ತಾಗಿಸಿ. ಎರಡನೇ ತುಣುಕನ್ನು ಎತ್ತಿಕೊಳ್ಳುವುದು ತಾಳದ ಪೆಟ್ಟಿನ ಮೇಲಲ್ಲ, ಪೆಟ್ಟುಗಳ ನಡುವೆ. ಪೆಟ್ಟಿನ ಮೇಲೇ ಕೂರಿಸಿದರೆ ಕವಾಯತು ಆಗಿಬಿಡುತ್ತದೆ. ಬಾಯಲ್ಲಿ ಹೇಳಿಕೊಂಡು, ಕಾಲಲ್ಲಿ ತಾಳ ಹಾಕಿಕೊಂಡು, ಗಿಟಾರ್ ಮುಟ್ಟದೆ ಹತ್ತು ಸಲ ಮಾಡಿ ನೋಡಿ. ಕೊನೆಗೆ ಆಂಪ್ಲಿಫೈಯರಿನ ಗೇನ್ ಗುಂಡಿಯನ್ನು (ಕರಕರ ಏರಿಸುವುದು) ನೀವೀಗ ಇಟ್ಟಿರುವುದಕ್ಕಿಂತ ಮೂರನೇ ಒಂದು ಭಾಗ ಇಳಿಸಿ.

ಸಮಾಧಾನಕ್ಕೆ ಒಂದು ಮಾತು: ಮೂರು ರಾತ್ರಿಗಳಲ್ಲಿ 15ರ ‘ಸ್ಮೋಕ್’ ಆಯ್ಕೆಯಾದದ್ದಕ್ಕೆ ತಂಡದವರೇ ಕೊಡುವ ಕಾರಣ, ಆ ರಾತ್ರಿ ಬ್ಲ್ಯಾಕ್‌ಮೋರ್ ಈ ಆರಂಭವನ್ನು ಸರಿಯಾಗಿ ನುಡಿಸಿದ ಎಂಬುದು. ಕಟ್ಟಿದವನಿಗೇ ಎಡವುವ ರಿಫ್ ಇದು.

‘ಸ್ಪೇಸ್ ಟ್ರಕಿನ್’ 20 ನಿಮಿಷ! ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿದ ಹಾಡನ್ನು ಹೀಗೆ ಎಳೆಯುವುದು ಕೇಳುಗರ ಮೇಲಿನ ದೌರ್ಜನ್ಯ. — ಮೈಸೂರು

ನಿಮ್ಮ ಪಕ್ಷದಲ್ಲಿ ಬಹಳ ಜನ ಇದ್ದಾರೆ. ಅಭಿಮಾನಿಗಳನ್ನು ಎರಡು ಪಂಗಡ ಮಾಡುವುದು ಈ ನಾಲ್ಕನೇ ಮುಖವೇ: ‘ಮೂರು ಮುಖ ಸಾಕಿತ್ತು’ ಎನ್ನುವವರು, ‘ನಾಲ್ಕನೆಯದಕ್ಕಾಗಿಯೇ ಕೊಂಡೆವು’ ಎನ್ನುವವರು. ನಮ್ಮ ಮತ ಎರಡನೆಯವರಿಗೆ, ಆದರೆ ಒಂದು ಷರತ್ತಿನ ಮೇಲೆ: ಇದನ್ನು ಹಾಡು ಅಂತ ಕೇಳಬಾರದು.

ಹಾಡು ಐದು ನಿಮಿಷದ ಒಳಗೇ ಮುಗಿಯುತ್ತದೆ. ಆಮೇಲಿನದು ಬೇರೆ ಕಟ್ಟಡ. ತಂಡದ ಮೊದಲ ಆಲ್ಬಂನ ‘ಮ್ಯಾಂಡ್ರೇಕ್ ರೂಟ್’ ಹಾಡಿನ ಕೊನೆಯಲ್ಲಿ ವರ್ಷಗಟ್ಟಲೆ ಬೆಳೆಸಿಕೊಂಡು ಬಂದಿದ್ದ ಉದ್ದನೆಯ ಮನೋಧರ್ಮದ ಭಾಗವನ್ನು ಕಿತ್ತು ಇಲ್ಲಿ ನೆಟ್ಟಿದ್ದಾರೆ. ನಕ್ಷೆ ಕೈಯಲ್ಲಿದ್ದರೆ ದಾರಿ ತಪ್ಪುವುದಿಲ್ಲ. ಹಾಡು ಮುಗಿದೊಡನೆ ಲಾರ್ಡ್ ಆರ್ಗನ್ನಿಗೆ ರಿಂಗ್ ಮಾಡ್ಯುಲೇಟರ್ ಎಂಬ ಉಪಕರಣ ಹಚ್ಚುತ್ತಾನೆ. ಅದು ಎರಡು ಕಂಪನಗಳನ್ನು ಗುಣಿಸಿ, ಮೂಲ ಸ್ವರವನ್ನು ಅಳಿಸಿ, ಅವುಗಳ ಮೊತ್ತ ಮತ್ತು ವ್ಯತ್ಯಾಸವನ್ನು ಮಾತ್ರ ಹೊರಗೆ ಬಿಡುತ್ತದೆ. ಅದಕ್ಕೇ ಗಂಟೆ, ತಗಡು, ಹಕ್ಕಿ ಎಲ್ಲ ಸೇರಿದಂಥ ಸದ್ದು. ನಡುವೆ ಇಂಗ್ಲಿಷ್ ಶಾಸ್ತ್ರೀಯ ಸಂಯೋಜಕ ಹೋಲ್ಸ್ಟ್‌ನ ‘ಜ್ಯೂಪಿಟರ್’ ಇಣುಕಿ ಹೋಗುತ್ತದೆ. ಮುಂದೆ ಎಲ್ಲರೂ ತಗ್ಗಿ, ಗಿಟಾರ್ ಒಂದೇ ಚೆಲ್ಲೋದಂತೆ ಅಳತೊಡಗುತ್ತದೆ. ಇದು ತಂಡದ್ದೇ ‘ಫೈರ್‌ಬಾಲ್’ ಆಲ್ಬಂನ ‘ಫೂಲ್ಸ್’ ಹಾಡಿನಿಂದ ತಂದದ್ದು.

ಆ ಚೆಲ್ಲೋ ನಾದ ಹುಟ್ಟುವುದು ಕಿರುಬೆರಳಿನಿಂದ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ವಾಲ್ಯೂಮ್ ಗುಂಡಿ ತಂತಿಗಳಿಗೆ ಅಂಟಿಕೊಂಡ ಹಾಗಿದೆ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ತಂತಿ ಮೀಟಿ, ತಕ್ಷಣ ಕಿರುಬೆರಳಿನಿಂದ ಗುಂಡಿಯನ್ನು ಏರಿಸಬೇಕು. ಮೀಟಿದ ‘ಟಕ್’ ಕೇಳುವುದಿಲ್ಲ, ನಾದ ಮಾತ್ರ ಎಲ್ಲಿಂದಲೋ ಉಬ್ಬಿ ಬರುತ್ತದೆ. ಮುಂದಿನ ಸ್ವರಕ್ಕೆ ಮೊದಲು ಮತ್ತೆ ಸೊನ್ನೆಗೆ. ಗುಂಡಿ ಬಿಗಿಯಾಗಿದ್ದರೆ ಆಗದು. ಗುಂಡಿ ದೂರ ಇರುವ ಗಿಟಾರುಗಳಲ್ಲಿ ಕಾಲಿನ ಪೆಡಲ್ ಬೇಕಾಗುತ್ತದೆ.

ಇಷ್ಟು ತಿಳಿದು ಒಮ್ಮೆ ಕೇಳಿ. ಆಮೇಲೂ ಬೇಸರ ಬಂದರೆ ಮೂರನೇ ಮುಖಕ್ಕೇ ನಿಲ್ಲಿಸಿ, ಯಾರೂ ಕೇಸು ಹಾಕುವುದಿಲ್ಲ.

‘ದ ಮ್ಯೂಲ್’ ಬಂದರೆ ನಾನು ಮುಂದಕ್ಕೆ ಓಡಿಸುತ್ತೇನೆ. ಡ್ರಮ್ ಸೋಲೋ ಯಾರಿಗೆ ಬೇಕು? — ದಾವಣಗೆರೆ

ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವವರು ನಮ್ಮ ಸಭೆಗಳಲ್ಲೂ ಇದ್ದಾರಲ್ಲ. ‘ಫೈರ್‌ಬಾಲ್’ನಲ್ಲಿ ಮಾತಿರುವ ಹಾಡು ಇದು, ಇಲ್ಲಿ ಡ್ರಮ್ಮಿಗೆ ಹಾಸಿದ ಹಾಸಿಗೆ ಅಷ್ಟೆ. ಓಡಿಸುವ ಮೊದಲು ಒಂದು ಸಲ ಸ್ನೇರ್ ಡ್ರಮ್ಮಿನ ಉರುಳಿಕೆಯನ್ನು ಗಮನಿಸಿ: ಪೇಸ್ ಎಡಗೈಯವನು, ಒಂದೇ ಕೈಯಲ್ಲಿ ಉರುಳಿಕೆ ತೆಗೆಯುವುದಕ್ಕೆ ಹೆಸರಾದವನು. ಬಡಿತ ಎಷ್ಟು ವೇಗವಾದರೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಎಣಿಸುವಂತಿದೆ.

‘ಚೈಲ್ಡ್ ಇನ್ ಟೈಮ್’ ಆರ್ಗನ್ ಧಾಟಿ ಭಾರತದ ರಾಗದಿಂದ ಎತ್ತಿದ್ದು ಎಂದು ಗೆಳೆಯನ ವಾದ. — ಧಾರವಾಡ

ಗೆಳೆಯನಿಗೆ ಹೆಸರು ಮೋಸ ಮಾಡಿದೆ. ಧಾಟಿ ಎತ್ತಿದ್ದು ನಿಜ, ಅದನ್ನು ತಂಡ ಒಪ್ಪಿಕೊಂಡೂ ಇದೆ. ಮೂಲ ಸ್ಯಾನ್ ಫ್ರಾನ್ಸಿಸ್ಕೋದ ಇಟ್ಸ್ ಎ ಬ್ಯೂಟಿಫುಲ್ ಡೇ ಎಂಬ ತಂಡದ 1969ರ ವಾದ್ಯರಚನೆ, ಅದರ ಹೆಸರು ‘ಬಾಂಬೆ ಕಾಲಿಂಗ್’. ಅಲ್ಲಿ ಪಿಟೀಲು ಮುಂದಾಳು, ಓಟ ಚುರುಕು. ಪರ್ಪಲ್‌ನವರು ಅದನ್ನು ನಿಧಾನಿಸಿ, ಆರ್ಗನ್ನಿಗೆ ಕೊಟ್ಟು, 1970ರ ‘ಇನ್ ರಾಕ್’ ಆಲ್ಬಂಗೆ ಹಾಡು ಮಾಡಿಕೊಂಡರು. ಆ ತಂಡವೂ ಸುಮ್ಮನಿರದೆ ಪರ್ಪಲ್‌ನ ‘ರಿಂಗ್ ದಟ್ ನೆಕ್’ ವಾದ್ಯರಚನೆಯಿಂದ ತನ್ನ ಪಾಲು ಎತ್ತಿಕೊಂಡಿತು. ಲೆಕ್ಕ ಚುಕ್ತಾ.

ಸ್ವರಗಳು ಬಹುಪಾಲು ಎ ಮೈನರ್ ಶ್ರೇಣಿಯವು. ಹೋಲಿಸಲೇಬೇಕೆಂದರೆ ನಠಭೈರವಿ ಮೇಳದ ಸ್ವರಗಳೇ ಅವು. ಸ್ವರ ಹೊಂದಿದ ಮಾತ್ರಕ್ಕೆ ರಾಗ ಆಗುವುದಿಲ್ಲ ಎಂಬುದನ್ನು ಧಾರವಾಡದವರಿಗೆ ನಾವು ಹೇಳಿಕೊಡಬೇಕಿಲ್ಲ.

ಹಳೆಯ ಎಲ್‌ಪಿ ಸಿಕ್ಕಿದೆ. ಮೂರು ಮುಖ ಚೆನ್ನಾಗಿವೆ. ನಾಲ್ಕನೆಯದರ ಕೊನೆಯ ಐದು ನಿಮಿಷ ಕರಕರ, ಗಿಲನ್ ಗಂಟಲು ಹರಿದಂತೆ. ತೊಳೆದೂ ಆಯಿತು. — ತುಮಕೂರು

ಗಿಲನ್ ಗಂಟಲು ಸ್ವಲ್ಪ ಹರಿದಿರುವುದು ನಿಜವೇ, ಆದರೆ ನೀವು ಹೇಳುತ್ತಿರುವುದು ತಟ್ಟೆಯ ಒಳಸುತ್ತಿನ ತೊಂದರೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಹೊರಗಿದ್ದರೂ ಒಳಗಿದ್ದರೂ ಅಷ್ಟೇ. ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸೂಜಿಯ ಕೆಳಗೆ ಸಾಗುತ್ತದೆ. ಒಳಗೆ, ಲೇಬಲ್ ಹತ್ತಿರ, 21 ಸೆಂಟಿಮೀಟರ್ ಮಾತ್ರ. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಿಚಿ ತುಂಬಿದ್ದಾರೆ. ಸೂಜಿಯ ತುದಿ ಆ ಮಡಿಕೆಗಳೊಳಗೆ ಇಳಿಯಲಾರದೆ ಮೇಲೆ ಮೇಲೆ ಹಾರುತ್ತದೆ. ‘ಸ್ಪೇಸ್ ಟ್ರಕಿನ್’ನ ದುರದೃಷ್ಟ, ಇಡೀ ಕಛೇರಿಯ ಅತಿ ಗದ್ದಲದ ಅಂತ್ಯ ಬೀಳುವುದೇ ಆ ಇಕ್ಕಟ್ಟಿನಲ್ಲಿ.

ತಟ್ಟೆ ಸವೆದಿದೆಯೋ ಸೂಜಿ ಕೆಟ್ಟಿದೆಯೋ ಮೊದಲು ಖಚಿತಪಡಿಸಿಕೊಳ್ಳಿ. ಕೊನೆಯವರೆಗೂ ಜೋರಾಗಿರುವ, ಹೊಸದಾದ ಇನ್ನೊಂದು ಎಲ್‌ಪಿಯ ಕೊನೆಯ ಹಾಡು ಹಾಕಿ. ಅದೂ ಕರಕರ ಎಂದರೆ ತಪ್ಪು ಸೂಜಿಯದು ಅಥವಾ ಕೂರಿಸಿದ ಕೋನದ್ದು. ಆಗ ಕಾರ್ಟ್ರಿಜ್ ಅನ್ನು (ಸೂಜಿ ಕೂತಿರುವ ತಲೆ) ಪ್ರೊಟ್ರಾಕ್ಟರ್ ಹಾಳೆಯ (ಕೋನ ಅಳೆಯುವ ಹಾಳೆ) ಮೇಲೆ ಮತ್ತೆ ಹೊಂದಿಸಿ. ಸೂಜಿಯ ಭಾರವನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ, ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ 1.5ರಿಂದ 2 ಗ್ರಾಂ ಇರಬೇಕು. ತಟ್ಟೆ ಸವೆಯುತ್ತದೆಂದು ಹೆದರಿ 1 ಗ್ರಾಂಗೆ ಇಳಿಸುವವರಿದ್ದಾರೆ. ಹಗುರ ಸೂಜಿ ಗೆರೆಯೊಳಗೆ ಕುಣಿದು ಗೋಡೆಗಳನ್ನು ಇನ್ನೂ ಹೆಚ್ಚು ಕೆಡಿಸುತ್ತದೆ. ಒಂದೇ ಪಕ್ಕದ ಸ್ಪೀಕರಿನಲ್ಲಿ ಮಾತ್ರ ಕರಕರ ಇದ್ದರೆ ಆಂಟಿ-ಸ್ಕೇಟಿಂಗ್ ತಿರುಗಣಿ (ಸೂಜಿ ಒಳಕ್ಕೆ ಎಳೆದುಕೊಳ್ಳುವುದನ್ನು ತಡೆಯುವುದು) ನೋಡಿ. ಸೂಜಿ ಉರುಟು ತುದಿಯದಾಗಿದ್ದರೆ ಎಲಿಪ್ಟಿಕಲ್ (ಅಂಡಾಕಾರದ) ತುದಿಯದಕ್ಕೆ ಬದಲಿಸಿ. ಒಳಸುತ್ತಿನಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಎಲ್‌ಪಿ ಸ್ವಚ್ಛವಾಗಿ ನುಡಿದರೆ ನಿಮ್ಮ ತಟ್ಟೆಯ ಗೆರೆಯೇ ಸವೆದಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ.

ತೊಳೆಯುವ ಬಗ್ಗೆ: ಮೂರು ಪಾಲು ಡಿಸ್ಟಿಲ್ಡ್ ನೀರು, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಗೆರೆಯುದ್ದಕ್ಕೂ ಒರೆಸಿ, ಲೇಬಲ್ ಒದ್ದೆಯಾಗದಂತೆ. ನಲ್ಲಿ ನೀರು ಬೇಡ, ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಈ ದ್ರಾವಣವನ್ನು ಹಳೆಯ 78 ಆರ್‌ಪಿಎಂ ಅರಗಿನ ತಟ್ಟೆಗೆ ಸೋಂಕಿಸಬೇಡಿ, ಅರಗು ಕರಗುತ್ತದೆ.

ನಿಮ್ಮದು ಮೊದಲ ಬ್ರಿಟಿಷ್ ಮುದ್ರಣವೇ ಎಂದೂ ಕೇಳಿದ್ದೀರಿ. ಪರ್ಪಲ್ ರೆಕಾರ್ಡ್ಸ್ ಲೇಬಲ್, ಸಂಖ್ಯೆ ಟಿಪಿಎಸ್‌ಪಿ 351 ಇರಬೇಕು. ಅಮೆರಿಕದ್ದು ವಾರ್ನರ್ ಬ್ರದರ್ಸ್, 2ಡಬ್ಲ್ಯುಎಸ್ 2701. ಸಂಖ್ಯೆಯೊಂದೇ ಸಾಲದು, ಅದೇ ಸಂಖ್ಯೆಯಲ್ಲಿ ಮರುಮುದ್ರಣಗಳೂ ಬಂದಿವೆ. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಓದಿ, ಮಾರುವವನು ಹೇಳಿದ್ದಕ್ಕೆ ತಾಳೆ ನೋಡಿ. ಹೊಂಬಣ್ಣದ ಹೊದಿಕೆ ಬೇಗ ಉಜ್ಜಿಹೋಗುತ್ತದೆ, ತಟ್ಟೆಯ ಉಂಗುರ ಮೂಡಿರುವುದು ಈ ಆಲ್ಬಂನಲ್ಲಿ ತೀರಾ ಸಾಮಾನ್ಯ. ಅದಕ್ಕಾಗಿ ಬೆಲೆ ಚೌಕಾಸಿ ಮಾಡಿ, ಕೊಳ್ಳುವುದನ್ನು ಬಿಡಬೇಡಿ.

ಯಾವ ಆವೃತ್ತಿ ಕೊಳ್ಳಬೇಕು? ಅಂಗಡಿಯಲ್ಲಿ ನಾಲ್ಕೈದು ಬಗೆ ಇವೆ. — ಬೆಂಗಳೂರು

ಮೊದಲ ಸಲ ಕೇಳುವವರಿಗೆ ಮೂಲ ಏಳು ಹಾಡು, ಮೂಲ ಮಿಕ್ಸ್; ಒಂದೇ ಸಿ.ಡಿ.ಯಲ್ಲಿ ಹಿಡಿಸುತ್ತದೆ. 1998ರ ಆವೃತ್ತಿಯಲ್ಲಿ ಎರಡನೇ ಸಿ.ಡಿ. ಇದ್ದು, ಕಛೇರಿಯ ಕೊನೆಗೆ ನುಡಿಸಿದ ‘ಬ್ಲ್ಯಾಕ್ ನೈಟ್’, ‘ಸ್ಪೀಡ್ ಕಿಂಗ್’, ‘ಲೂಸಿಲ್’ ಸಿಗುತ್ತವೆ. 1993ರ ‘ಲೈವ್ ಇನ್ ಜಪಾನ್’ ಮೂರು ಸಿ.ಡಿ.ಗಳಲ್ಲಿ ಮೂರೂ ರಾತ್ರಿಗಳ ಬಹುಪಾಲನ್ನು ಕೊಟ್ಟಿತು. 2014ರ ದೊಡ್ಡ ಪೆಟ್ಟಿಗೆಯಲ್ಲಿ ಮೂರು ಕಛೇರಿಗಳೂ ಹೊಸ ಮಿಕ್ಸಿನಲ್ಲಿವೆ. 2025ರಲ್ಲಿ ಸ್ಟೀವನ್ ವಿಲ್ಸನ್ ಮಾಡಿದ ಮಿಕ್ಸ್ ಬಂದಿದೆ.

ಹೊಸ ಮಿಕ್ಸಿನಲ್ಲಿ ಬೇಸ್ ಗಿಟಾರ್ ಬಿಡಿಸಿ ಕೇಳುತ್ತದೆ ಎಂದು ಹಿಗ್ಗುವವರು ಒಂದು ಕಡೆ, ಸಭಾಂಗಣದ ಗಾಳಿಯನ್ನೇ ಒರೆಸಿಬಿಟ್ಟಿದ್ದಾರೆ ಎಂದು ಗೊಣಗುವವರು ಇನ್ನೊಂದು ಕಡೆ. ಎಂಟೇ ಟ್ರ್ಯಾಕಿನ ಟೇಪಿನಿಂದ ಯಾರೇ ಆದರೂ ಮಾಡಬಹುದಾದದ್ದಕ್ಕೆ ಮಿತಿ ಇದೆ. ನಮ್ಮ ಸಲಹೆ: ದೊಡ್ಡ ಪೆಟ್ಟಿಗೆ ಹೋಲಿಸಿ ನೋಡುವ ಚಟ ಇದ್ದವರಿಗೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಗಿಟಾರ್ ಒಂದು ಪಲುಕು ಎಸೆದು ಗಿಲನ್ ಅದನ್ನು ಗಂಟಲಲ್ಲಿ ಹಿಡಿಯುವ ಸವಾಲ್-ಜವಾಬ್ ಇದೆಯಲ್ಲ, ಮೂರು ರಾತ್ರಿಯದನ್ನೂ ಒಂದರ ಹಿಂದೊಂದು ಕೇಳಿದರೆ ಎಷ್ಟು ಮೊದಲೇ ಗೊತ್ತಿತ್ತು, ಎಷ್ಟು ಅಲ್ಲೇ ಹುಟ್ಟಿತು ಎಂದು ತಿಳಿಯುತ್ತದೆ. ‘ಲೇಜಿ’ಯಲ್ಲಿ ಸ್ವೀಡನ್ನಿನ ಸಂಯೋಜಕ ಹ್ಯೂಗೋ ಆಲ್ಫ್ವೆನ್‌ನ ‘ಸ್ವೀಡಿಷ್ ರಾಪ್ಸೊಡಿ’ಯ ತುಣುಕು ನುಸುಳುವುದನ್ನೂ ಹಿಡಿಯಿರಿ.

ಮೊಬೈಲಿನಲ್ಲಿ ಕೇಳಿದರೆ ಹಾಡು-ಹಾಡಿನ ನಡುವೆ ಚಪ್ಪಾಳೆ ಕತ್ತರಿಸಿದಂತೆ ಮೌನ. ಫೈಲ್ ಕೆಟ್ಟಿದೆಯೇ? — ಉಡುಪಿ

ಇಲ್ಲ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಹಿಂದೆ ಮುಂದೆ ಚೂರು ಖಾಲಿ ಸದ್ದು ಸೇರಿಕೊಳ್ಳುತ್ತದೆ, ಸೆಕೆಂಡಿನ ಕೆಲವೇ ಶತಾಂಶ. ಬಿಡಿ ಹಾಡಿನಲ್ಲಿ ಗೊತ್ತಾಗದು, ಚಪ್ಪಾಳೆಯ ನಡುವೆ ಕಣ್ಣು ಮಿಟುಕಿಸಿದಂತೆ ಕೇಳುತ್ತದೆ. ಪ್ಲೇಯರ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಗ್ಯಾಪ್‌ಲೆಸ್’ (ಬಿಡುವಿಲ್ಲದೆ) ಆನ್ ಮಾಡಿ, ‘ಕ್ರಾಸ್‌ಫೇಡ್’ (ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವುದು) ಸೊನ್ನೆಗೆ ಇಡಿ. ನಿಮ್ಮದೇ ಸಿ.ಡಿ.ಯಿಂದ ಮಾಡಿಕೊಂಡದ್ದಾದರೆ ಫ್ಲ್ಯಾಕ್ ಫೈಲಾಗಿ ಮತ್ತೆ ಮಾಡಿ, ಅದರಲ್ಲಿ ಈ ಖಾಲಿ ಸೇರುವುದಿಲ್ಲ. ವಾಲ್ಯೂಮ್ ಸಮ ಮಾಡುವ ಸೌಲಭ್ಯ ಇದ್ದರೆ ‘ಹಾಡಿನಂತೆ’ ಬದಲು ‘ಆಲ್ಬಂನಂತೆ’ ಆರಿಸಿ. ಇಲ್ಲದಿದ್ದರೆ ಮೆಲ್ಲಗೆ ಶುರುವಾಗುವ ‘ಚೈಲ್ಡ್ ಇನ್ ಟೈಮ್’ಗೂ ‘ಹೈವೇ ಸ್ಟಾರ್’ಗೂ ಇದ್ದ ಅಂತರವೇ ಹೋಗುತ್ತದೆ.

ಹೊದಿಕೆಯ ಚಿತ್ರದಲ್ಲಿ ಮುಂದಿನ ಸಾಲಿನ ಪ್ರೇಕ್ಷಕರು ಜಪಾನೀಯರಂತೆ ಕಾಣುವುದಿಲ್ಲವಲ್ಲ? — ಹಾಸನ

ಕಾಣುವುದಿಲ್ಲ, ಏಕೆಂದರೆ ಅಲ್ಲ. ಆ ಚಿತ್ರ ಲಂಡನ್ ಕಛೇರಿಯದು. ಮುಂದೆ ಡೆಫ್ ಲೆಪ್ಪರ್ಡ್ ತಂಡದ ಗಿಟಾರ್ ವಾದಕನಾದ ಫಿಲ್ ಕಾಲಿನ್ ಆಗ ಹುಡುಗ, ಆ ಗುಂಪಿನಲ್ಲಿ ತಾನಿದ್ದೇನೆ ಎಂದು ಹೇಳಿಕೊಂಡಿದ್ದಾನೆ. ಜಪಾನಿನಲ್ಲಿ ಆಲ್ಬಂ ಬೇರೆ ಹೊದಿಕೆಯಲ್ಲಿ ಬಂತು.

ಇದು ಅತ್ಯುತ್ತಮ ಲೈವ್ ಆಲ್ಬಂ ಎನ್ನುವುದು ಅತಿರೇಕ. ದ ಹೂ ತಂಡದ ‘ಲೈವ್ ಅಟ್ ಲೀಡ್ಸ್’ ಮುಂದೆ ಇದು ಸರ್ಕಸ್. — ಮಡಿಕೇರಿ

‘ಲೀಡ್ಸ್’ 1970ರ ಫೆಬ್ರುವರಿ 14ರ ಒಂದೇ ರಾತ್ರಿ, ಮೂಲ ಎಲ್‌ಪಿಯಲ್ಲಿ ಆರೇ ಹಾಡು, ಕೊಬ್ಬಿಲ್ಲದ ಮೈ. ಮುಷ್ಟಿ ಬಿಗಿದು ಹೊಡೆದಂತಿದೆ. ‘ಮೇಡ್ ಇನ್ ಜಪಾನ್’ ತೋರಿಸುವುದೇ ಬೇರೆ: ಐದು ಜನ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡು ಉತ್ತರ ಕೊಡುವುದು. ಒಂದು ಅಮೆರಿಕನ್ ಸಂಗೀತ ಪತ್ರಿಕೆಯ 2012ರ ಓದುಗರ ಮತದಾನದಲ್ಲಿ ಇದಕ್ಕೆ ಆರನೇ ಸ್ಥಾನ ಬಂತು. ಆ ಅಂಕಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಬೆಲೆ ಕೊಡುವುದು ಪ್ರಾಮಾಣಿಕತೆಗೆ. ಥಿನ್ ಲಿಝಿಯ 1978ರ ‘ಲೈವ್ ಅಂಡ್ ಡೇಂಜರಸ್’ ಕೂಡ ಇಂಥ ಪಟ್ಟಿಗಳಲ್ಲೆಲ್ಲ ಇರುತ್ತದೆ, ಆದರೆ ಅದರ ಬಹುಭಾಗ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿಯೇ ಹೇಳಿದ, ತಂಡ ಅಲ್ಲಗಳೆಯಿತು. ಇಲ್ಲಿ ಆ ತಕರಾರೇ ಇಲ್ಲ.

ಸರ್ಕಸ್ ಎಂಬುದನ್ನು ಅರ್ಧ ಒಪ್ಪುತ್ತೇವೆ. ಗಿಲನ್‌ನ ಚೀತ್ಕಾರ ಕೆಲವೆಡೆ ಒಂದು ಸುತ್ತು ಹೆಚ್ಚೇ ಆಯಿತು.

ಇಷ್ಟು ಚೆನ್ನಾಗಿ ನುಡಿಸುತ್ತಿದ್ದವರು ಒಂದು ವರ್ಷದೊಳಗೆ ಒಡೆದದ್ದೇಕೆ? — ಕಲಬುರಗಿ

ಆಯಾಸ, ಮತ್ತು ಗಿಲನ್-ಬ್ಲ್ಯಾಕ್‌ಮೋರ್ ಮನಸ್ತಾಪ. ಆಲ್ಬಂ ಬ್ರಿಟನ್ನಿನಲ್ಲಿ 1972ರ ಡಿಸೆಂಬರ್‌ನಲ್ಲಿ ಹೊರಬಂತು. ಗಿಲನ್ ಬಿಡುತ್ತೇನೆಂದು ಪತ್ರ ಕೊಟ್ಟದ್ದೂ ಅದೇ ಡಿಸೆಂಬರ್‌ನಲ್ಲಿ. ಅಮೆರಿಕದಲ್ಲಿ ಹೊಸ ಸ್ಟುಡಿಯೋ ಆಲ್ಬಂ ಮಾರಾಟಕ್ಕೆ ಅಡ್ಡವಾದೀತೆಂದು ಇದನ್ನು 1973ರ ವಸಂತದವರೆಗೆ ತಡೆದಿಟ್ಟರು. ಅಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ, ‘ಸ್ಮೋಕ್’ ಸಿಂಗಲ್ 4ನೇ ಸ್ಥಾನಕ್ಕೆ ಏರಿದವು. ಆ ಸಿಂಗಲ್‌ನ ಒಂದು ಮುಖಕ್ಕೆ ಸ್ಟುಡಿಯೋ ಹಾಡು, ಇನ್ನೊಂದಕ್ಕೆ ಜಪಾನಿನದು. ಹಾಡು ಏರುತ್ತಿದ್ದ ಆ ದಿನಗಳಲ್ಲೇ, 1973ರ ಜೂನ್ 29ರಂದು, ಗಿಲನ್ ಮತ್ತು ಗ್ಲೋವರ್ ತಂಡದೊಂದಿಗೆ ಕೊನೆಯ ಕಛೇರಿ ಮುಗಿಸಿ ಹೊರನಡೆದರು. ಊರು ಒಸಾಕಾ.